ಮರೆತು ಬರಲಿಕ್ಕೆ ಅಂತಲೇ ಒಂದು ಕನ್ನಡಕ ಇಟ್ಟುಕೊಂಡಿದ್ದೇನೆ. ಡಿಸ್ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಓದು-ಬರಹ ತೊಡಕಾಗುವುದು) ಇರುವ ಹೆಂಗಸರು ಇಲ್ಲಿ ಯಾರಾದರೂ ಇದ್ದೀರಾ?

ತುಂಗೆಯ ದಡ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೂರು ವರ್ಷದಿಂದ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಬರೆಯುತ್ತಿದ್ದೇನೆ ಅನ್ನುವುದೂ ಸುಳ್ಳೇ. ಬಾಯಲ್ಲಿ ಹೇಳಿ ಫೋನಿನಲ್ಲಿ ಟೈಪ್ ಮಾಡಿಸಿ, ಅದನ್ನ ಫೋನ್ ಕೈಲೇ ಓದಿಸಿ ಕೇಳಿ, ತಿದ್ದಿ ಹಾಕುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಯಸ್ಸು 38. ಮಲೆನಾಡಿನ ಒಂದು ಸಹಕಾರ ಸಂಘದಲ್ಲಿ ಹದಿಮೂರು ವರ್ಷದಿಂದ ಕೆಲಸ. ಯಾವ ರೈತರು ಯಾವ ವರ್ಷ ಎಷ್ಟು ಸಾಲ ತಗೊಂಡರು, ಯಾರ ಅಡಿಕೆಗೆ ಕೊಳೆರೋಗ ಬಂದು ಕಂತು ತಪ್ಪಿತು, ಎಲ್ಲಾ ನಾಲಿಗೆ ತುದಿಯಲ್ಲಿದೆ. ಲೆಕ್ಕ ತಪ್ಪುವುದಿಲ್ಲ. ಆದರೆ ತಿಂಗಳ ಆಡಳಿತ ಮಂಡಳಿ ಸಭೆ ಬಂತು ಅಂದರೆ ಎರಡು ದಿನ ಮೊದಲೇ ಹೊಟ್ಟೆ ತೊಳಸುತ್ತದೆ. ಹಿಂದಿನ ಸಭೆಯ ನಡಾವಳಿ ಗಟ್ಟಿಯಾಗಿ ಓದಬೇಕು, ಈ ಸಭೆಯದ್ದು ಅಲ್ಲೇ ಕೂತು ಬರೆದುಕೊಳ್ಳಬೇಕು. ನಾವು ಐದು ಜನ ಸಿಬ್ಬಂದಿ, ನಾನೊಬ್ಬಳೇ ಹೆಂಗಸು. "ಮೇಡಂ ಅಕ್ಷರ ಚೆನ್ನಾಗಿದೆ, ಅವರೇ ಬರೀಲಿ" ಅಂತ ಶುರುವಾದದ್ದು ಇವತ್ತಿಗೂ ನನ್ನ ತಲೆಗೇ ಇದೆ.

ಅಕ್ಷರ ಚೆನ್ನಾಗಿರುವುದೇ ನನ್ನ ಗ್ರಹಚಾರ. ಶಾಲೆಯಲ್ಲಿ ನೋಡಿ ಬರೆಯುವುದರಲ್ಲಿ ನಾನೇ ಮೊದಲು. ಮೇಷ್ಟ್ರು ನನ್ನ ಕಾಪಿ ಎತ್ತಿ ಹಿಡಿದು "ನೋಡ್ರೋ, ಮುತ್ತು ಪೋಣಿಸಿದ ಹಾಗಿದೆ" ಅನ್ನುತ್ತಿದ್ದರು. ಉಕ್ತಲೇಖನ ಬಂತೋ, ಪಕ್ಕದವಳದ್ದು ನೋಡದೆ ಗತಿಯಿರಲಿಲ್ಲ. ಪದ್ಯ ಬಾಯಿಪಾಠ, ಪಾಠವೂ ಬಾಯಿಪಾಠ. ಓದಲಿಕ್ಕೆ ಎಬ್ಬಿಸಿದರೆ ಪುಸ್ತಕ ಹಿಡಿದುಕೊಂಡು ಬಾಯಿಪಾಠ ಒಪ್ಪಿಸುತ್ತಿದ್ದೆ. ಪುಟ ತಿರುಗಿಸುವುದು ಮರೆತಾಗ ಮಾತ್ರ ಸಿಕ್ಕಿಬೀಳುತ್ತಿದ್ದೆ.

ನನಗೆ ಅತಿ ದೊಡ್ಡ ಶತ್ರು ಅರ್ಕಾವತ್ತು. ಬರೆಯುವುದು ಆಮೇಲೆ, ಓದುವುದು ಮೊದಲು. ಕೆಲಸಕ್ಕೆ ಸೇರಿದ ಹೊಸದರಲ್ಲಿ 'ಕಾರ್ಯದರ್ಶಿ' ಅನ್ನುವ ಪದವೇ ನನ್ನ ಜೀವ ತಿಂದಿದೆ. ಒಂದೇ ಪದದಲ್ಲಿ ಎರಡು. ಬಾಯಿಗೆ ಬರುತ್ತಿದ್ದದ್ದು 'ಕಾಯ್ರದಶ್ರಿ'. ಈಗ ಅದು ರೂಢಿಯಾಗಿದೆ. ಆದರೆ 'ಪುನರ್ವಿಮರ್ಶೆ' ಥರದ್ದು ಏನಾದರೂ ಹೊಸದಾಗಿ ಬಂತು ಅಂದರೆ ಮತ್ತೆ ಮೊದಲಿನ ಕಥೆಯೇ.

ಎರಡು ವರ್ಷದ ಹಿಂದೆ ತಂಗಿಯ ಮಗನನ್ನ ಪರೀಕ್ಷೆಗೆ ಅಂತ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಅವರು ಹುಡುಗನ ಬಗ್ಗೆ ಕೇಳುತ್ತಿದ್ದ ಪ್ರಶ್ನೆಗೆಲ್ಲ ನಾನು ನನ್ನ ಉತ್ತರ ಹೇಳುತ್ತಿದ್ದೆ. ಕೊನೆಗೆ ಅವರೇ "ನೀವೂ ಒಂದ್ಸಲ ಮಾಡಿಸ್ಕೊಳ್ಳಿ" ಅಂದರು. ಮಾಡಿಸಿದೆ. ಡಿಸ್ಲೆಕ್ಸಿಯಾ. ಗಂಡನಿಗೆ ಗೊತ್ತು, ತಂಗಿಗೆ ಗೊತ್ತು. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ.

ಕನ್ನಡಕದ ವಿಷಯ. ಪೇಟೆಯ ಅಂಗಡಿಯಲ್ಲಿ ಪವರ್ ಇಲ್ಲದ್ದೊಂದು ತಗೊಂಡೆ. ದಿನಾ ಹಾಕಿಕೊಳ್ಳುತ್ತೇನೆ, ಸಭೆಯ ದಿನ ಮನೆಯಲ್ಲಿ ಬಿಟ್ಟು ಬರುತ್ತೇನೆ. "ಅಯ್ಯೋ ಕನ್ನಡಕ ಮರೆತೆ, ನೀವೇ ಓದಿ ಸಾರ್." ಎಷ್ಟು ಸಲ ಅಂತ ಹೇಳುವುದು?

ನೀವೆಲ್ಲ ಏನು ಮಾಡುತ್ತೀರಿ? ಯಾರಿಗೆ ಹೇಳಿದ್ದೀರಿ, ಯಾವ ಮಾತಲ್ಲಿ ಹೇಳಿದ್ದೀರಿ? ಮುಂದಿನ ಸಭೆ ಬರುವ ಗುರುವಾರ.

ಹೇಮೆಯ ಸೊಸೆ

ಕನ್ನಡಕದ ಕಥೆ ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. (ಅಳು ಬಂತು ಅಂತ, ಮನೆಯ ಅತ್ತೆ ಅಲ್ಲ.) ಅಕ್ಕಾ, ನಾನು ಬ್ಯಾಂಕಿಗೆ ಚಲನ್ ತುಂಬಲಿಕ್ಕೆ ಹೋಗುವಾಗ ಬಲಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋಗುತ್ತಿದ್ದೆ. "ಈಳಿಗೆಮಣೆ ತಾಗಿತು, ಸ್ವಲ್ಪ ತುಂಬಿಕೊಡ್ತೀರಾ?" ಒಂದ್ಸಲ ಅದೇ ಕ್ಲರ್ಕ್ "ಏನಮ್ಮಾ, ನಿಮ್ಮನೇಲಿ ತರಕಾರಿ ಹೆಚ್ಚೋರು ಬೇರೆ ಯಾರೂ ಇಲ್ವಾ" ಅಂದರು.

ಒತ್ತಕ್ಷರ

ನಾನು ವಿಶೇಷ ಶಿಕ್ಷಕಿ, ಬೆಂಗಳೂರು. 'ಅಕ್ಷರ ಚೆನ್ನಾಗಿದೆ' ಅನ್ನುವುದನ್ನ ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ, ಯಾವಾಗಲೂ ಹುಡುಗಿಯ ತಾಯಿ ಬಾಯಿಂದ. ಹುಡುಗ ಓದಲಿಕ್ಕೆ ಬರದಿದ್ದರೆ ಬೆಂಚು ಹತ್ತುತ್ತಾನೆ, ಪಕ್ಕದವನನ್ನ ಗಿಲ್ಲುತ್ತಾನೆ, ಟೀಚರ್ ಮನೆಗೆ ಚೀಟಿ ಕಳಿಸುತ್ತಾರೆ. ಹುಡುಗಿ ಸುಮ್ನೆ ಕೂರುತ್ತಾಳೆ, ಅಂಚು ಹಾಕಿ ನೀಟಾಗಿ ನಕಲು ಮಾಡುತ್ತಾಳೆ. ಅವಳು 'ಒಳ್ಳೆ ಹುಡುಗಿ'.

ಇದರ ಚರಿತ್ರೆಯೇ ಹುಡುಗನಿಂದ ಶುರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಅನ್ನುವ ಡಾಕ್ಟರು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ. ಬುದ್ಧಿವಂತ, ಲೆಕ್ಕದಲ್ಲಿ ಚುರುಕು, ಓದಲಿಕ್ಕೆ ಮಾತ್ರ ಬಾರದು. 2007ರಲ್ಲಿ ನಮ್ಮ ದೇಶಕ್ಕೆಲ್ಲ ಈ ಪದ ಕಲಿಸಿದ ಹಿಂದಿ ಸಿನಿಮಾ 'ತಾರೇ ಜಮೀನ್ ಪರ್'ನಲ್ಲೂ ಹುಡುಗನೇ. 1990ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಸ್ಯಾಲಿ ಶೇವಿಟ್ಸ್ ಮತ್ತು ಸಂಗಡಿಗರು ಒಂದು ಕೆಲಸ ಮಾಡಿದರು. ಶಾಲೆಗಳು ಗುರುತಿಸಿದ ಮಕ್ಕಳು ಎಷ್ಟು, ತಾವೇ ಎಲ್ಲರಿಗೂ ಪರೀಕ್ಷೆ ಕೊಟ್ಟಾಗ ಸಿಕ್ಕವರು ಎಷ್ಟು ಅಂತ ನೋಡಿದರು. ಎರಡನೇ ತರಗತಿಯಲ್ಲಿ ಶಾಲೆ ಗುರುತಿಸಿದ್ದು ಹುಡುಗರಲ್ಲಿ ನೂರಕ್ಕೆ 13.6, ಹುಡುಗಿಯರಲ್ಲಿ 3.2. ಪರೀಕ್ಷೆಯಲ್ಲಿ ಸಿಕ್ಕಿದ್ದು 8.7 ಮತ್ತು 6.9. ಆಮೇಲೆ ಬಂದ ದೊಡ್ಡ ಅಧ್ಯಯನಗಳಲ್ಲಿ ಹುಡುಗರು ಜಾಸ್ತಿ ಅಂತಲೇ ಇದೆ, ಅದನ್ನ ಮುಚ್ಚಿಡುವುದಿಲ್ಲ. ಆದರೆ ಶಾಲೆಯ ಕಣ್ಣಿಗೆ ಬೀಳದ ಹುಡುಗಿಯರು ಅಷ್ಟೊಂದು ಇದ್ದರು ಅನ್ನುವುದು ಅಳಿಸಿಹೋಗುವುದಿಲ್ಲವಲ್ಲ.

ಇನ್ನು ನಮ್ಮ ಕನ್ನಡ. ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಅಲ್ಲ, ಹಾಗಾಗಿ ಕನ್ನಡದಲ್ಲಿ ಡಿಸ್ಲೆಕ್ಸಿಯಾ ಬರುವುದೇ ಇಲ್ಲ ಅಂತ ನಂಬಿದವರಿದ್ದಾರೆ. ಬರುತ್ತದೆ, ವೇಷ ಬೇರೆ. ತಪ್ಪು ಓದುವುದಕ್ಕಿಂತ ನಿಧಾನ ಓದುವುದು ಎದ್ದು ಕಾಣುತ್ತದೆ. 34 ವ್ಯಂಜನಕ್ಕೆ ಕಾಗುಣಿತ ಬರೆದರೇ ನಾನೂರು ದಾಟುತ್ತದೆ, ಒತ್ತು ಆಮೇಲೆ. ಮ-ವ, ಪ-ಷ, ಒಂದು ಗೀಟಿನ ವ್ಯತ್ಯಾಸ. ಅದಕ್ಕೇ ಮಗು ನಾಲ್ಕನೇ ಕ್ಲಾಸಿಗೆ ಬಂದರೂ "ಇನ್ನೂ ಕಲೀತಾ ಇದೆ ಬಿಡಿ" ಅಂತ ದಾಟಿಸಿಬಿಡುತ್ತಾರೆ.

ಬಯಲುಸೀಮೆ ಬಸವ

ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಒಬ್ಬೊಬ್ಬರು ಓದಿನಲ್ಲಿ ಮುಂದೆ, ಒಬ್ಬೊಬ್ಬರು ಹಿಂದೆ. ಈಗ ಎಲ್ಲದಕ್ಕೂ ಒಂದು ಇಂಗ್ಲಿಷ್ ಹೆಸರು. ದಿನಾ ಅರ್ಧ ಗಂಟೆ ಪೇಪರ್ ಓದಿ, ತಾನೇ ಸರಿಹೋಗುತ್ತದೆ.

ಸಾಧನಕೇರಿ

ಬಸವಣ್ಣಾ, ಇರಲಿಲ್ಲ ಅಂತ ಅಲ್ಲ, ಇದ್ದವರು ಶಾಲೆಯಲ್ಲಿ ಉಳಿಯಲಿಲ್ಲ. ನಮ್ಮವ್ವ ಮೂರನೇ ಇಯತ್ತೆಗೆ ಬಿಟ್ಟಳು. "ಅಕ್ಷರ ತಲಿಗೆ ಹತ್ತಲಿಲ್ಲವಾ, ಹೊಲಕ್ಕ ಹೋದ್ನಿ" ಅಂತ ನಗುತ್ತಾ ಹೇಳುತ್ತಾಳೆ. ಅದೇ ಅವ್ವ ನಮ್ಮ ಓಣಿಯ ಸ್ತ್ರೀಶಕ್ತಿ ಸಂಘದ ಹದಿನೆಂಟು ಹೆಂಗಸರ ಉಳಿತಾಯ, ಬಡ್ಡಿ, ಯಾರು ಎಷ್ಟು ವಾರ ಬಾಕಿ, ಎಲ್ಲ ಬಾಯಲ್ಲೇ ಹೇಳುತ್ತಾಳೆ. ಪುಸ್ತಕ ಬರೆಯುವ ಹುಡುಗಿ ತಪ್ಪು ಮಾಡಿದರೆ ಹಿಡಿಯುವುದೂ ಅವಳೇ. ಮಾಮ ಓದಲಿಲ್ಲ ಅಂದಾಗ ಅಜ್ಜ ಟ್ಯೂಶನ್ ಹಚ್ಚಿದ. ಅವ್ವ ಓದಲಿಲ್ಲ ಅಂದಾಗ ಗಂಡು ನೋಡಿದ. ಅವ್ವನಿಗೆ ಡಿಸ್ಲೆಕ್ಸಿಯಾ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ನನಗೆ ಇದೆ. ಪೇಪರ್ ನಾನೂ ದಿನಾ ಓದುತ್ತೇನೆ. ಅರ್ಧ ಗಂಟೆಗೆ ಒಂದೂವರೆ ಸುದ್ದಿ ಆಗುತ್ತದೆ.

ಬಯಲುಸೀಮೆ ಬಸವ

ಆಯ್ತು ತಾಯಿ, ಹಾಗೆ ಯೋಚನೆ ಮಾಡಿರಲಿಲ್ಲ.

ನೇತ್ರಾವತಿ ನರ್ಸ್

ನಾನು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಒಂದೇ ಥರ ಕಾಣುವ ಔಷಧಿ ಹೆಸರುಗಳು, ಡಾಕ್ಟರ ಗೀಚು ಬರಹ, ರಾತ್ರಿ ಪಾಳಿ. ಹೆದರಿಕೆ ಆಗುವುದಿಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಅದಕ್ಕೇ ನನ್ನ ಕೈಲಿ ತಪ್ಪು ಕಡಿಮೆ. ಬೇರೆಯವರು ತಮ್ಮ ಕಣ್ಣನ್ನ ನಂಬುತ್ತಾರೆ, ನಾನು ನಂಬುವುದಿಲ್ಲ. ಹೆಸರಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತೇನೆ, ಪಕ್ಕದವರಿಗೂ ತೋರಿಸುತ್ತೇನೆ.

ಡಿಸ್ಲೆಕ್ಸಿಯಾ ಅನ್ನುವ ಪದವನ್ನ ನಾನು ವಾರ್ಡಿನಲ್ಲಿ ಇವತ್ತಿನವರೆಗೆ ಬಳಸಿಲ್ಲ. ಹೊಸ ಡಾಕ್ಟರು ಬಂದರೆ ಮೊದಲ ದಿನವೇ ಹೇಳಿಬಿಡುತ್ತೇನೆ: "ಸಾರ್, ನಾನು ನಿಧಾನ ಓದುತ್ತೇನೆ. ಬರೆದದ್ದನ್ನ ಒಮ್ಮೆ ಬಾಯಲ್ಲೂ ಹೇಳಿ, ನಾನು ತಿರುಗಿ ಹೇಳುತ್ತೇನೆ." ಯಾರೂ ಯಾಕೆ ಅಂತ ಕೇಳಿಲ್ಲ. ಒಬ್ಬರು ಮಾತ್ರ "ಎಲ್ಲರೂ ಹೀಗೇ ಮಾಡಬೇಕು" ಅಂದರು. ತುಂಗಕ್ಕಾ, ನೀವು ರೋಗದ ಹೆಸರು ಹೇಳುವ ಅಗತ್ಯವೇ ಇಲ್ಲ ಅಂತ ನನ್ನ ಅನಿಸಿಕೆ. ಬೇಕಾದದ್ದನ್ನ ಕೇಳಿ, ಅಷ್ಟೇ.

ಹೆಬ್ಬಾಳ ಸಿಗ್ನಲ್

ರೋಗ ಅಲ್ಲ ಸಿಸ್ಟರ್! ಬಾಕಿ ಎಲ್ಲ ಒಪ್ಪಿದೆ.

ನಾನು ಹೆಸರು ಹೇಳಿ ಏನಾಯಿತು ಅಂತ ಬರೆಯುತ್ತೇನೆ. ಒಂದು ಐಟಿ ಕಂಪನಿ, ಹೆಸರು ಬೇಡ. ಎಚ್‌ಆರ್ ಹುಡುಗಿ ತುಂಬಾ ಪ್ರೀತಿಯಿಂದ ಕೇಳಿದಳು ಅಂತ ಎಲ್ಲಾ ಹೇಳಿಕೊಂಡೆ. ಎರಡು ವಾರದಲ್ಲಿ ಗಿರಾಕಿಗಳ ಜೊತೆ ಮಾತಾಡುವ ಕೆಲಸದಿಂದ ನನ್ನನ್ನ ತೆಗೆದರು. "ನಿಮಗೆ ಸ್ಟ್ರೆಸ್ ಆಗಬಾರದು ಅಂತ." ಆ ಕೆಲಸದಲ್ಲಿ ನಾನೇ ಚೆನ್ನಾಗಿದ್ದದ್ದು! ಮಾತು ನನ್ನ ಶಕ್ತಿ, ಮೇಲ್ ನನ್ನ ಕಷ್ಟ. ಅವರು ಮಾತು ಕಿತ್ತುಕೊಂಡು ಮೇಲ್ ಕೊಟ್ಟರು. ನನಗೆ ಬೇಕಾಗಿದ್ದದ್ದು ದೊಡ್ಡ ದಾಖಲೆಗಳನ್ನ ಒಂದು ದಿನ ಮೊದಲು ಕಳಿಸುವುದು, ಅಷ್ಟೇ. ಅದನ್ನ ಮಾತ್ರ ಕೇಳಿದ್ದರೆ ಕೊಡುತ್ತಿದ್ದರೇನೋ.

ಆದರೂ ಒಂದು ಮಾತು. ಹೆಸರು ಗೊತ್ತಾದ ದಿನ ನನಗೆ ನೆಮ್ಮದಿ ಆಯಿತು. 29 ವರ್ಷ 'ದಡ್ಡಿ' ಅಂತಿದ್ದದ್ದು ಹೋಯಿತಲ್ಲ. ಹೊರಗೆ ಹೇಳುವುದು ಬೇರೆ, ಒಳಗೆ ಗೊತ್ತಿರುವುದು ಬೇರೆ.

ಹೇಮೆಯ ಸೊಸೆ

ಇನ್ನೊಂದು ಪ್ರಶ್ನೆ. ಮದುವೆಗೆ ಮೊದಲು ಹೇಳಬೇಕಾ? ನನ್ನ ನಾದಿನಿಗೂ ಹೀಗೇ ಇದೆ, ಗಂಡು ನೋಡುತ್ತಿದ್ದಾರೆ. ಅಮ್ಮ ಬೇಡ ಅನ್ನುತ್ತಾರೆ.

ಸಾಧನಕೇರಿ

ಹುಡುಗನಿಗೆ ಅವಳೇ ಹೇಳಲಿ, ಊರಿಗಲ್ಲ. ನಾನು ಹೇಳದೇ ಮದುವೆಯಾದೆ. ಮಗಳು ಎಲ್‌ಕೆಜಿಗೆ ಹೋಗುವವರೆಗೆ ನಡೆಯಿತು. ಆಮೇಲೆ ಶಾಲೆಯ ಡೈರಿ ಬರಲಿಕ್ಕೆ ಶುರುವಾಯಿತು. ನಮ್ಮ ಕಡೆ ಡೈರಿ ಓದುವುದು, ಹೋಮ್‌ವರ್ಕ್ ಮಾಡಿಸುವುದು ಅಂದರೆ ತಾಯಿಯೇ, ಅಪ್ಪನಿಗೆ ಅದರ ಮುಖಪರಿಚಯವೂ ಇರುವುದಿಲ್ಲ. 'ನಾಳೆ ಹಳದಿ ಬಟ್ಟೆ ಹಾಕಿ ಕಳಿಸಿ' ಅಂತ ಬರೆದಿದ್ದರಂತೆ. ನಾನು ಅವಸರದಲ್ಲಿ ಓದಿದ್ದು ಬರೀ 'ನಾಳೆ', 'ಬಟ್ಟೆ'. ಇಡೀ ಕ್ಲಾಸಿನಲ್ಲಿ ನನ್ನ ಮಗಳೊಬ್ಬಳೇ ನೀಲಿ. ಗ್ರೂಪ್ ಫೋಟೋದಲ್ಲಿ ಈಗಲೂ ಇದೆ. ಆ ರಾತ್ರಿ ಗಂಡನಿಗೆ ಹೇಳಿದೆ. ಡೈರಿ ಈಗ ಅವರ ಕೆಲಸ.

ಟೀಚರಿಗೂ ಹೇಳಿದೆ: ವಾಯ್ಸ್ ಮೆಸೇಜ್ ಕಳಿಸಿ ಅಂತ. ಮೊದಲು ಮುಖ ಸಿಂಡರಿಸಿದರು. ಈಗ ನೋಡಿದರೆ ಅರ್ಧ ಕ್ಲಾಸಿನ ತಾಯಂದಿರಿಗೆ ಅದೇ ಬೇಕಂತೆ.

ಬರ್ಮಿಂಗ್‌ಹ್ಯಾಮ್ ಬಿಸಿಬೇಳೆ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ, ಊರು ಮಂಡ್ಯದ ಕಡೆ. ಇಲ್ಲಿ ಎಂ.ಎಸ್ಸಿಗೆ ಸೇರಿದಾಗ ವಿಶ್ವವಿದ್ಯಾಲಯದವರೇ ಕರೆದು ಪರೀಕ್ಷೆ ಮಾಡಿಸಿದರು. 26 ವರ್ಷ ಯಾರಿಗೂ ಕಾಣದ್ದು ಒಂದು ಮಧ್ಯಾಹ್ನದಲ್ಲಿ ಕಂಡಿತು. ಇಲ್ಲಿ 2010ರ ಸಮಾನತೆ ಕಾಯ್ದೆಯಡಿ ಮಾಲೀಕರು ಕೆಲಸದಲ್ಲಿ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು. ನನಗೆ ಓದಿ ಹೇಳುವ ಸಾಫ್ಟ್‌ವೇರ್ ಕೊಟ್ಟಿದ್ದಾರೆ.

ಸ್ವರ್ಗ ಅಂದುಕೊಳ್ಳಬೇಡಿ. ಕಾಗದದಲ್ಲಿ ಹಕ್ಕಿದ್ದರೂ ಬಾಯಿಬಿಟ್ಟು ಕೇಳಬೇಕು. ಮೊದಲ ವರ್ಷ ನಾನು ಕೇಳಲೇ ಇಲ್ಲ. ಮನೆಯಲ್ಲಿ ಕಲಿತದ್ದು 'ಅಡ್ಜಸ್ಟ್ ಮಾಡ್ಕೋ' ಅಂತ ಅಲ್ವಾ. ಮ್ಯಾನೇಜರ್ "ಏನಾದರೂ ಬೇಕಾ" ಅಂದಾಗಲೆಲ್ಲ "ಏನೂ ಬೇಡ" ಅನ್ನುತ್ತಿದ್ದೆ, ನೆಂಟರ ಮನೆಯಲ್ಲಿ ಎರಡನೇ ಸಲ ಅನ್ನ ಬಡಿಸಲಿಕ್ಕೆ ಬಂದಾಗ ಅನ್ನುವ ಹಾಗೆ.

ಕರಿಕೋಟು

ವಕೀಲಳು ನಾನು. ಕಾನೂನಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ನಮ್ಮ ದೇಶದ್ದನ್ನ ಇಲ್ಲಿ ಯಾರೂ ಎತ್ತಲಿಲ್ಲ.

ನಮ್ಮ ದೇಶದಲ್ಲೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಇವೆ, ಕಲಿಕಾ ನ್ಯೂನತೆ ಅದರಲ್ಲೊಂದು. ಡಿಸ್ಲೆಕ್ಸಿಯಾ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಹೆಣ್ಣುಮಕ್ಕಳ ಬಗ್ಗೆ 4ನೇ ಸೆಕ್ಷನ್ ಬೇರೆಯಾಗಿಯೇ ಇದೆ. ಸರ್ಕಾರಿ ಕೆಲಸದಲ್ಲಿ ತಾರತಮ್ಯ ಮಾಡುವಂತಿಲ್ಲ, ತಕ್ಕ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ 20ನೇ ಸೆಕ್ಷನ್. ಖಾಸಗಿಯವರೂ ಸಮಾನ ಅವಕಾಶದ ನೀತಿ ಬರೆದಿಡಬೇಕು, 21ನೇ ಸೆಕ್ಷನ್. ಹೆಬ್ಬಾಳದವರೇ, ನಿಮ್ಮ ಕಂಪನಿಯಲ್ಲಿ ಅದು ಎಲ್ಲಿದೆ ಅಂತ ಒಂದು ಮೇಲ್ ಹಾಕಿ ನೋಡಿ. ಮೇಲ್ ಅಂದರೆ ನಿಮಗೆ ಕಷ್ಟ ಅಂತ ಗೊತ್ತು, ಆದರೆ ಬಾಯಿಮಾತಿಗೆ ದಾಖಲೆ ಇರುವುದಿಲ್ಲ.

ಮೀಸಲಾತಿ ಬೇಕಾದರೆ ಅಂಗವೈಕಲ್ಯ 40% ಆದರೂ ಇದೆ ಅನ್ನುವ ಪ್ರಮಾಣಪತ್ರ ಬೇಕು. ಅಲ್ಲಿ ಹೆಂಗಸರಿಗೆ ತೊಡಕು. ನಮ್ಮಲ್ಲಿ ಬಳಸುವ ನಿಮ್ಹಾನ್ಸ್ ಪರೀಕ್ಷೆ ರೂಪಿಸಿದ್ದೇ ಮಕ್ಕಳಿಗೆ. ಶಾಲೆಯಲ್ಲಿ ಯಾರಿಗೂ ಕಾಣದೆ ದಾಟಿಬಂದು 38ಕ್ಕೆ ಹೋಗಿ ನಿಂತರೆ "ಇಷ್ಟು ವರ್ಷ ಏನ್ ಮಾಡ್ತಿದ್ರಿ" ಅನ್ನುತ್ತಾರೆ. ಮಕ್ಕಳಿದ್ದವರು ದಯವಿಟ್ಟು ಹೆಣ್ಣುಮಗುವನ್ನ ಶಾಲೆಯಲ್ಲಿದ್ದಾಗಲೇ ತೋರಿಸಿ. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಬರೆದುಕೊಡುವವರು, ಎಲ್ಲಾ ಆ ಕಾಗದದ ಮೇಲೇ ನಿಂತಿದೆ.

ಕಾಗದ ಇದ್ದರೂ ಜಗಳ ತಪ್ಪಲಿಲ್ಲ ಅನ್ನುವುದಕ್ಕೆ ಒಂದು ಕೇಸ್ ಇದೆ. 2021ರ ಸೆಪ್ಟೆಂಬರ್‌ನಲ್ಲಿ ನೀಟ್ ಬರೆದ ಹುಡುಗಿಯೊಬ್ಬಳಿಗೆ ಡಿಸ್‌ಗ್ರಾಫಿಯಾ, ಅಂದರೆ ಬರವಣಿಗೆಯ ತೊಂದರೆ. ಒಂದು ಗಂಟೆ ಹೆಚ್ಚು ಸಿಗಬೇಕಿತ್ತು. ಪರೀಕ್ಷಾ ಕೇಂದ್ರದವರು ಕೊಡದೆ ಉತ್ತರ ಪತ್ರಿಕೆ ಕಿತ್ತುಕೊಂಡರು. ಅವಳು ಸುಪ್ರೀಂ ಕೋರ್ಟಿನವರೆಗೆ ಹೋದಳು. ನವೆಂಬರ್ 23ಕ್ಕೆ ತೀರ್ಪು. ಮರುಪರೀಕ್ಷೆ ಕೊಡಲಿಲ್ಲ. ಆದರೆ ಅನ್ಯಾಯ ಆಗಿದೆ, ಒಬ್ಬಳೇ ಆದರೂ ಸರಿಪಡಿಸುವ ದಾರಿ ನೋಡಿ ಅಂತ ಪರೀಕ್ಷೆ ನಡೆಸಿದವರಿಗೆ ಒಂದು ವಾರದ ಗಡುವು ಕೊಟ್ಟರು. ಅವಳು ಎದ್ದು ಕೇಳಿದ್ದಕ್ಕೇ ಅಷ್ಟಾದರೂ ಆಯಿತು.

ಕಾಫಿ ಹೂವು

ಎಲ್ಲರೂ ಕಷ್ಟವನ್ನೇ ಹೇಳುತ್ತೀರಿ. ಡಿಸ್ಲೆಕ್ಸಿಯಾ ಒಂದು ವರ ಅಲ್ವಾ? ಡಿಸ್ಲೆಕ್ಸಿಯಾ ಇರುವ ಅಮೆರಿಕದ ವಿಜ್ಞಾನಿ ಕ್ಯಾರಲ್ ಗ್ರೈಡರ್‌ಗೆ ನೊಬೆಲ್ ಬಂದಿದೆ!

ತುಂಗೆಯ ದಡ

ಕಾಫಿ ಹೂವು ಅವರೇ, ಬಂದಿದೆ, 2009ರಲ್ಲಿ, ನಾನೂ ಆಕೆಯ ಬಗ್ಗೆ ಕೇಳಿಸಿಕೊಂಡೆ. ನನಗೆ ಇಷ್ಟವಾಗಿದ್ದು ನೊಬೆಲ್ ಅಲ್ಲ. ಚಿಕ್ಕವಳಿದ್ದಾಗ ತನ್ನನ್ನ ದಡ್ಡಿ ಅಂದುಕೊಂಡಿದ್ದೆ ಅಂತ ಆಕೆಯೇ ಬರೆದುಕೊಂಡಿದ್ದಾರೆ. ಪ್ರವೇಶ ಪರೀಕ್ಷೆಯ ಅಂಕ ಕಡಿಮೆ ಅಂತ ಪಿಎಚ್‌ಡಿಗೆ ಸಂದರ್ಶನಕ್ಕೆ ಕರೆದವರು ಎರಡೇ ಕಡೆಯವರು. ಆ ಇಬ್ಬರೂ ಕರೆಯದೇ ಹೋಗಿದ್ದರೆ ಅಂತ ಯೋಚನೆ ಬರುತ್ತದೆ.

ವರ ಅಂತ ನನಗೆ ಒಪ್ಪಿಕೊಳ್ಳಲಿಕ್ಕೆ ಆಗುವುದಿಲ್ಲ. ನನ್ನ ಜ್ಞಾಪಕಶಕ್ತಿ ವರವಾಗಿ ಬಂದದ್ದಲ್ಲ, ಓದಲಾಗದ ಹೆದರಿಕೆಗೆ ಬೆಳೆಸಿಕೊಂಡದ್ದು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಡಾವಳಿ ಪುಸ್ತಕ ಮನೆಗೆ ತಂದು ಒಲೆಯ ಪಕ್ಕ ಕೂತು ಹತ್ತು ಸಲ ಓದಿ ಬಾಯಿಪಾಠ ಮಾಡಿದ್ದೇನೆ. ವರ ಪಡೆದವರು ಹಾಗೆ ಮಾಡುತ್ತಾರಾ? ನಾನು ದಡ್ಡಿಯೂ ಅಲ್ಲ, ದೇವತೆಯೂ ಅಲ್ಲ. ಓದು ನಿಧಾನ ಇರುವ, ಕೆಲಸ ಗೊತ್ತಿರುವ ಹೆಂಗಸು.

ನರ್ಸ್ ತಂಗಿ ಹೇಳಿದ ಹಾಗೆ ಎರಡು ಸಾಲು ಬಾಯಿಪಾಠ ಮಾಡಿದ್ದೇನೆ. (ಹೌದು, ಮತ್ತೆ ಬಾಯಿಪಾಠವೇ.) ನಾಳೆ ಗುರುವಾರ.

ತುಂಗೆಯ ದಡ

ಸಭೆ ಮುಗಿಯಿತು. ಹೇಳಿದೆ. "ನನಗೆ ಗಟ್ಟಿಯಾಗಿ ಓದಲಿಕ್ಕೆ ಕಷ್ಟ, ಓದುವುದನ್ನ ಬೇರೆಯವರು ಮಾಡಲಿ. ನಡಾವಳಿ ನಾನೇ ಬರೆಯುತ್ತೇನೆ, ಆದರೆ ಸಭೆಯ ಮಾತು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮರುದಿನ ಕೂತು ಬರೆಯುತ್ತೇನೆ." ಸ್ವರ ನಡುಗಿತು, ಆದರೆ ಎರಡೂ ಸಾಲು ಪೂರ್ತಿ ಬಂತು.

ಅಧ್ಯಕ್ಷರು ನಗುತ್ತಾ ಏನಂದರು ಗೊತ್ತಾ? "ಕನ್ನಡಕ ಹಾಕ್ಕೊಳಿ ಮೇಡಂ, ಸರಿಹೋಗುತ್ತೆ."

ಆವತ್ತು ಕನ್ನಡಕ ಬ್ಯಾಗಿನಲ್ಲೇ ಇತ್ತು. ತೆಗೆದು ಅವರ ಮುಂದೆ ಇಟ್ಟೆ. "ಇದರಲ್ಲಿ ಪವರ್ ಇಲ್ಲ ಸಾರ್. ನೋಡಿ." ಅವರು ಹಾಕಿಕೊಂಡು ಗೋಡೆಯ ಕ್ಯಾಲೆಂಡರ್ ನೋಡಿದರು. ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು. "ಹೌದಲ್ವೇ" ಅಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನಡಾವಳಿ ಓದಿದ್ದು ನಮ್ಮ ಹೊಸ ಕ್ಲರ್ಕ್ ಹುಡುಗ. 'ಪುನರ್ವಿಮರ್ಶೆ' ಬಂದಾಗ ಅವನೂ ಒಂದು ಸಲ ತಡವರಿಸಿದ. ಯಾರೂ ನಗಲಿಲ್ಲ. ಯಾರಾದರೂ ಗಮನಿಸಿದರೋ ಇಲ್ಲವೋ, ನಾನೊಬ್ಬಳು ಗಮನಿಸಿದೆ.

ರೆಕಾರ್ಡ್ ಮಾಡುವುದಕ್ಕೆ ಒಬ್ಬ ನಿರ್ದೇಶಕರು ಬೇಡ ಅಂದರು, "ಆಡಿದ್ದೆಲ್ಲ ಹೊರಗೆ ಹೋದರೆ?" ಅಂತ. ಅದನ್ನ ಮುಂದಿನ ಸಭೆಗೆ ಇಟ್ಟಿದ್ದಾರೆ. ಹಾಗೆ ಇಟ್ಟಿದ್ದಾರೆ ಅನ್ನುವುದನ್ನೂ ನಡಾವಳಿಯಲ್ಲಿ ನಾನೇ ಬರೆದೆ.

ಹೇಮೆಯ ಸೊಸೆ

ಅಕ್ಕಾ!! ಕನ್ನಡಕ ಈಗ ಎಲ್ಲಿದೆ?

ತುಂಗೆಯ ದಡ

ಅಧ್ಯಕ್ಷರ ಟೇಬಲ್ ಮೇಲೆ. ನಾನು ಕೇಳಿಲ್ಲ, ಅವರೂ ಕೊಟ್ಟಿಲ್ಲ.